ಶ್ರುತಿ ಇಳಿಸಿ ಹಾಡಲಿ, ಆದರೆ ಮುಚ್ಚಿಡುವುದು ಬೇಡ

ಮಾನ್ಯ ಸಂಪಾದಕರೇ,

ಎಪ್ಪತ್ತು ದಾಟಿದ ರಾಕ್ ಗಾಯಕರೊಬ್ಬರು ಮತ್ತೆ ವೇದಿಕೆ ಹತ್ತುತ್ತಾರೆ ಎಂಬ ಸುದ್ದಿ ಹೊರಬಿದ್ದ ದಿನವೇ ಅವರ ಅಭಿಮಾನಿಗಳು ಎರಡು ಪಾಲಾಗುತ್ತಾರೆ. ಆ ದನಿ ಈಗ ಇಲ್ಲ, ಗಳಿಸಿದ ಹೆಸರನ್ನಾದರೂ ಉಳಿಸಿಕೊಳ್ಳಲಿ ಎನ್ನುವವರು ಒಂದು ಕಡೆ. ಅವರು ಬಂದು ನಿಂತರೆ ಸಾಕು, ಉಳಿದದ್ದನ್ನು ನಾವೇ ಹಾಡಿಕೊಳ್ಳುತ್ತೇವೆ ಎನ್ನುವವರು ಇನ್ನೊಂದು ಕಡೆ. ಎರಡೂ ಕಡೆಯವರು ಮಾತಾಡುವುದು ಪ್ರೀತಿಯಿಂದಲೇ. ಆದರೆ ಆ ಮಾತು ಗಾಯಕರ ಗಂಟಲಿನ ಹತ್ತಿರಕ್ಕೆ ಬರುವುದೇ ಇಲ್ಲ. ಯಾವ ಸ್ವರ ಹೋಗಿದೆ, ಯಾವುದು ಉಳಿದಿದೆ, ಹೋದದ್ದರ ಜಾಗದಲ್ಲಿ ಏನನ್ನು ತುಂಬಿದ್ದಾರೆ ಎಂದು ಯಾರೂ ಕೇಳುವುದಿಲ್ಲ, ಸಂಘಟಕರು ಹೇಳುವುದೂ ಇಲ್ಲ. ನನ್ನ ವಾದ ಇಷ್ಟೇ: ವಯಸ್ಸಾದ ಗಾಯಕರು ಶ್ರುತಿ ಇಳಿಸಿ ಹಾಡುವುದರಲ್ಲಿ ಯಾವ ಅವಮಾನವೂ ಇಲ್ಲ. ರೆಕಾರ್ಡ್ ಮಾಡಿದ ಹಳೆಯ ದನಿಯನ್ನು ಅಡಿಯಲ್ಲಿ ಹರಿಯಬಿಟ್ಟು ಅದನ್ನೇ ಇಂದಿನ ದನಿ ಎಂದು ನಂಬಿಸುವುದು ಮಾತ್ರ ತಪ್ಪು. ಇವೆರಡರ ನಡುವಿನ ಗೆರೆ ಟಿಕೆಟ್ ಕೊಳ್ಳುವ ಮೊದಲೇ ಅಭಿಮಾನಿಗೆ ಕಾಣಬೇಕು.

ಮೊದಲು ಗಂಟಲಿನ ವಿಷಯ. ಗಾಯಕ 440 ಹರ್ಟ್ಸ್‌ನ ಎ ಸ್ವರವನ್ನು (ಎ, ಬಿ, ಇ ಎಂಬುವು ಪಾಶ್ಚಾತ್ಯ ಸಂಗೀತದ ಸ್ವರಗಳ ಹೆಸರು) ಹಿಡಿದನೆಂದರೆ ಅವನ ಎರಡು ಧ್ವನಿತಂತುಗಳು ಸೆಕೆಂಡಿಗೆ 440 ಸಲ ಒಂದಕ್ಕೊಂದು ಬಡಿಯುತ್ತಿವೆ ಎಂದರ್ಥ. ಎರಡು ಗಂಟೆಯ ಕಾರ್ಯಕ್ರಮದಲ್ಲಿ ವಾದ್ಯದ ಭಾಗ, ಮಾತು, ಚಪ್ಪಾಳೆಯನ್ನೆಲ್ಲ ಕಳೆದು ನಲವತ್ತು ನಿಮಿಷ ದನಿ ಹೊರಟಿತು ಎಂದುಕೊಳ್ಳಿ, ಸರಾಸರಿ 300 ಹರ್ಟ್ಸ್ ಎಂದುಕೊಳ್ಳಿ. ಒಂದೇ ರಾತ್ರಿಯಲ್ಲಿ 7,20,000 ಬಡಿತ! ಗಂಡಸರಲ್ಲಿ ಈ ತಂತುಗಳ ಉದ್ದ ಸುಮಾರು ಎರಡು ಸೆಂಟಿಮೀಟರ್ ಮಾತ್ರ. ಇಷ್ಟು ಚಿಕ್ಕ ಅಂಗ ಐವತ್ತು ವರ್ಷ ಇಂಥ ಕೆಲಸ ಮಾಡಿದೆ ಎಂಬುದನ್ನು ನೆನಪಿಟ್ಟುಕೊಂಡು ಮುಂದಿನದನ್ನು ಓದಬೇಕು.

ವಯಸ್ಸಾದಂತೆ ತಂತುವಿನ ಒಳಗಿನ ಸ್ನಾಯು ಸೊರಗುತ್ತದೆ. ನೇರವಾಗಿ ಕೂಡಬೇಕಾದ ಅಂಚುಗಳು ಬಿಲ್ಲಿನಂತೆ ಬಾಗಿ ನಡುವೆ ಸಣ್ಣ ಸಂದು ಉಳಿಯುತ್ತದೆ. ಆ ಸಂದಿನಿಂದ ಗಾಳಿ ಸೋರುವುದರಿಂದಲೇ ಮುದಿ ದನಿಯಲ್ಲಿ ಒಂದು ಬಗೆಯ ಉಸಿರು ಕೇಳಿಸುತ್ತದೆ. ಮೇಲಿನ ಪದರದ ಎಳೆತನ ಕಡಿಮೆಯಾಗಿ ಅದು ಬಿರುಸಾಗುತ್ತದೆ, ಲೋಳೆ ಒಣಗುತ್ತದೆ, ಧ್ವನಿಪೆಟ್ಟಿಗೆಯ ಮೃದ್ವಸ್ಥಿ ಮೆಲ್ಲಗೆ ಗಟ್ಟಿಯಾಗುತ್ತದೆ. ಎಲ್ಲಕ್ಕಿಂತ ಮೊದಲು ಕೈಕೊಡುವುದು ಗಟ್ಟಿಯಾಗಿ ಕೂಗುವ ಎತ್ತರದ ಸ್ವರ ಎಂದು ಬಹಳ ಜನ ತಿಳಿದಿದ್ದಾರೆ. ಅದು ಹಾಗಲ್ಲ. ಮೊದಲು ಹೋಗುವುದು ಎತ್ತರದಲ್ಲಿ ಮೆಲ್ಲಗೆ ಹಾಡುವ ಶಕ್ತಿ. ಜೋರಾಗಿ ದೂಡಿದರೆ ಬಿರುಸಾದ ತಂತುವೂ ಹೇಗೋ ನಡುಗುತ್ತದೆ, ಹಗುರವಾಗಿ ಊದಿದರೆ ನಡುಗುವುದೇ ಇಲ್ಲ, ಬರೀ ಗಾಳಿ ಬರುತ್ತದೆ. ಹಾಗಾಗಿ ಅಬ್ಬರದ ಹಾಡು ಹೇಗೋ ದಾಟಿಹೋಗಿ, ನಿಧಾನದ ಹಾಡಿನ ಮೆತ್ತನೆಯ ಸಾಲಿನಲ್ಲಿ ದನಿ ಒಡೆದಾಗ ಅಭಿಮಾನಿಗಳು ಗಾಬರಿಯಾಗುತ್ತಾರೆ. ಗಾಯಕರು ಅಭ್ಯಾಸ ಬಿಟ್ಟಿದ್ದಾರೆ ಎಂದು ಬೈಯುತ್ತಾರೆ. ಇದು ಅಭ್ಯಾಸದ ಕೊರತೆಯಲ್ಲ, ತಂತುವಿನ ಬಿರುಸು.

ಎರಡನೆಯದು ಕಂಪನ. ಆರೋಗ್ಯವಂತ ದನಿಯಲ್ಲಿ ಉದ್ದಕ್ಕೆ ಎಳೆದ ಸ್ವರ ಸೆಕೆಂಡಿಗೆ ಐದಾರು ಸಲ ಸಣ್ಣಗೆ ತೂಗುತ್ತದೆ. ವಯಸ್ಸಾದಾಗ ಈ ತೂಗಾಟ ನಿಧಾನವಾಗುತ್ತದೆ, ಅಗಲವೂ ಆಗುತ್ತದೆ. ಸ್ವರ ಎಲ್ಲಿ ನಿಂತಿದೆ ಎಂದು ಕಿವಿಗೆ ಹಿಡಿಯಲು ಸಿಗುವುದಿಲ್ಲ. ಮೂರನೆಯದು ದಮ್ಮು. ಮೂವತ್ತರ ನಂತರ ಒಂದೇ ಸೆಕೆಂಡಿನಲ್ಲಿ ಜೋರಾಗಿ ಹೊರಬಿಡಬಲ್ಲ ಗಾಳಿ ವರ್ಷಕ್ಕೆ ಸುಮಾರು 25ರಿಂದ 30 ಮಿಲಿಲೀಟರಿನಷ್ಟು ಕಡಿಮೆಯಾಗುತ್ತ ಹೋಗುತ್ತದೆ. ಎಪ್ಪತ್ತರ ಹೊತ್ತಿಗೆ ಲೀಟರಿನ ಲೆಕ್ಕದ ನಷ್ಟ ಅದು. ಸಂದಿನಿಂದ ಗಾಳಿ ಬೇರೆ ಸೋರುತ್ತಿರುತ್ತದೆ. ಒಂದೇ ಉಸಿರಿನಲ್ಲಿ ಹತ್ತು ಸೆಕೆಂಡ್ ಎಳೆಯುತ್ತಿದ್ದ ಸಾಲು ಆರನೆಯ ಸೆಕೆಂಡಿಗೇ ತುಂಡಾಗುತ್ತದೆ. ಹೆಂಗಸರಲ್ಲಿ ಮುಟ್ಟು ನಿಂತ ಮೇಲೆ ದನಿ ಸಾಮಾನ್ಯವಾಗಿ ಕೆಳಗಿಳಿಯುತ್ತದೆ, ಗಂಡಸರಲ್ಲಿ ಮಾತಿನ ದನಿ ಇಳಿವಯಸ್ಸಿನಲ್ಲಿ ತುಸು ಏರುವುದೂ ಉಂಟು. ಆದರೆ ಮಾತಿನ ದನಿ ಏರಿದ ಮಾತ್ರಕ್ಕೆ ಹಾಡಿನ ಮೇಲಿನ ಸ್ವರ ಮರಳಿ ಬರುವುದಿಲ್ಲ.

ಇದಕ್ಕೆಲ್ಲ ಚಿಕಿತ್ಸೆ ಇಲ್ಲವೆಂದಲ್ಲ. ಅಮೆರಿಕದ ರಾಕ್ ಗಾಯಕ ಜಾನ್ ಬಾನ್ ಜೋವಿ ಅವರ ಒಂದು ಧ್ವನಿತಂತು ಸೊರಗಿತ್ತು. 2022ರ ಜೂನ್‌ನಲ್ಲಿ ಅದನ್ನು ಮಧ್ಯಕ್ಕೆ ತಳ್ಳಿ ನಿಲ್ಲಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಆಮೇಲೆ ಅವಸರ ಮಾಡಲಿಲ್ಲ. ದಿನಕ್ಕೆ ಎರಡೂವರೆ ಗಂಟೆಯಂತೆ ವಾರಕ್ಕೆ ನಾಲ್ಕು ರಾತ್ರಿ ಹಾಡಲು ಆಗುತ್ತದೆ ಎನ್ನುವವರೆಗೆ ಪ್ರವಾಸ ಹೊರಡುವುದಿಲ್ಲ ಎಂಬ ಅರ್ಥದಲ್ಲಿ ಬಹಿರಂಗವಾಗಿಯೇ ಮಾತಾಡಿದರು. ಅಭಿಮಾನಿಗೆ ಬೇಕಾಗಿದ್ದದ್ದು ಇದೇ: ಏನಾಗಿದೆ, ಏನು ಮಾಡಿಸಿದ್ದೇನೆ, ಎಷ್ಟು ಆಗುತ್ತದೆ.

ಈಗ ಶ್ರುತಿ ಇಳಿಸುವ ಕೆಲಸಕ್ಕೆ ಬರೋಣ. ಇದನ್ನು ಸೋಲು ಎಂದು ಹಂಗಿಸುವವರೇ ಹೆಚ್ಚು, ಇದರಲ್ಲಿ ಎಷ್ಟು ದುಡಿಮೆ ಇದೆ ಎಂದು ತಿಳಿದವರು ಕಡಿಮೆ. ಕೀಬೋರ್ಡ್ ನುಡಿಸುವವರಿಗೆ ಒಂದು ಗುಂಡಿ ಒತ್ತಿದರೆ ಮುಗಿಯಿತು. ಗಿಟಾರಿಗೆ ಹಾಗಲ್ಲ. ರಾಕ್ ಹಾಡುಗಳಲ್ಲಿ ಅನೇಕವು ಗಿಟಾರಿನ ದಪ್ಪ ಇ ತಂತಿಯನ್ನು ಖಾಲಿ ಮೀಟಿದ ನಾದದ ಮೇಲೆ ನಿಂತಿರುತ್ತವೆ. ಬೆರಳನ್ನು ಬೇರೆ ಮನೆಗೆ ಸರಿಸಿ ಶ್ರುತಿ ಬದಲಿಸಿದರೆ ಆ ಗುಡುಗು ಹೋಗುತ್ತದೆ. ಆದ್ದರಿಂದ ಆರೂ ತಂತಿಗಳನ್ನು ಸಡಿಲಿಸಲೇಬೇಕು. ಅರ್ಧ ಸ್ವರ (ಗಿಟಾರಿನ ಒಂದು ಮನೆಯಷ್ಟು) ಇಳಿಸಿದರೆ ತಂತಿಯ ಬಿಗಿ ಸುಮಾರು 11 ಶೇಕಡಾ ಕಡಿಮೆಯಾಗುತ್ತದೆ, ಪೂರ್ತಿ ಒಂದು ಸ್ವರ ಇಳಿಸಿದರೆ ಸುಮಾರು 21 ಶೇಕಡಾ. ಅಷ್ಟು ಸಡಿಲಾದ ತಂತಿಯನ್ನು ಜೋರಾಗಿ ಮೀಟಿದರೆ ಮೊದಲ ಕ್ಷಣ ಸ್ವರ ಮೇಲಕ್ಕೆ ಜಿಗಿದು ಆಮೇಲೆ ಕೆಳಗೆ ಕೂರುತ್ತದೆ, ಗಿಟಾರಿನ ಕೊರಳಿನ ಲೋಹದ ಮೆಟ್ಟಿಲುಗಳಿಗೆ ತಾಗಿ ಜುಂಯ್‌ಗುಡುತ್ತದೆ. ಈ ಅಪಶ್ರುತಿ ಗಾಯಕರ ತಲೆಗೆ ಬರುತ್ತದೆ. ಪರಿಹಾರ ಸರಳ: ಹತ್ತರ ಸೆಟ್ (ಅತಿ ತೆಳುವಾದ ತಂತಿಯ ದಪ್ಪ ಇಂಚಿನ ಸಾವಿರದಲ್ಲಿ ಹತ್ತು ಭಾಗ) ಹಾಕಿದ ಗಿಟಾರಿಗೆ ಪೂರ್ತಿ ಸ್ವರ ಇಳಿಸಿದಾಗ ಹನ್ನೊಂದರ ಸೆಟ್ ಹಾಕಬೇಕು. ದಪ್ಪ ಸುಮಾರು 12 ಶೇಕಡಾ ಹೆಚ್ಚಾದರೆ ಹಳೆಯ ಬಿಗಿ ಮರಳುತ್ತದೆ. ತಂತಿ ಬದಲಿಸಿದ ಮೇಲೆ, ತಂತಿಗಳ ಕೆಳತುದಿ ಕೂರುವ ಸೇತುವೆಯಲ್ಲಿ ಪ್ರತಿ ತಂತಿಯ ಉದ್ದವನ್ನು ಮತ್ತೆ ಹೊಂದಿಸಬೇಕು. ತೇಲುವ ಸೇತುವೆ ಇರುವ ಗಿಟಾರಾದರೆ ಹಿಂದಿನ ಸ್ಪ್ರಿಂಗುಗಳನ್ನೂ ತಿರುಗಿಸಬೇಕು. ಬೇರೆ ಬೇರೆ ಹಾಡು ಬೇರೆ ಬೇರೆ ಶ್ರುತಿಯಲ್ಲಿದ್ದರೆ ಒಂದೊಂದಕ್ಕೂ ಒಂದು ಗಿಟಾರು, ಅದು ಕೈಕೊಟ್ಟರೆ ಇನ್ನೊಂದು. ತಂಡವೊಂದು ಇಷ್ಟೆಲ್ಲ ಮಾಡಿಕೊಂಡು ಬಂದಿದೆ ಎಂದರೆ ಅದು ಹಿರಿಯ ಗಾಯಕರಿಗೆ ತೋರಿಸುವ ಗೌರವವೇ ಸರಿ.

ಎಷ್ಟು ಇಳಿಸಬೇಕು ಎಂಬುದು ಇನ್ನೂ ಸೂಕ್ಷ್ಮ. ಒಂದು ಹಾಡನ್ನು ಹತ್ತಿರದಿಂದ ನೋಡೋಣ. ಚರಣದ ತೀರ ಕೆಳಗಿನ ಸ್ವರ 123 ಹರ್ಟ್ಸ್‌ನ ಬಿ, ಪಲ್ಲವಿಯ ತುತ್ತತುದಿ 440ರ ಎ ಎಂದಿಟ್ಟುಕೊಳ್ಳಿ. ಅರ್ಧ ಸ್ವರ ಇಳಿಸಿದರೆ ತುದಿ 415ಕ್ಕೆ ಬರುತ್ತದೆ, ಒಂದು ಸ್ವರಕ್ಕೆ 392, ಒಂದೂವರೆಗೆ 370. ಕಾಗದದ ಮೇಲೆ 370 ಸುಖವಾಗಿ ಕಾಣುತ್ತದೆ. ಆದರೆ ಎತ್ತರದ ದನಿಯ ಗಂಡಸರಲ್ಲಿ ಎದೆಯ ದನಿ (ಮಾತಿನಂಥ ದಪ್ಪ ದನಿ) ತಲೆಯ ದನಿಗೆ (ತೆಳ್ಳಗಿನ ಎತ್ತರದ ದನಿ) ತಿರುಗುವ ಕವಲು ಸುಮಾರು 300ರಿಂದ 390 ಹರ್ಟ್ಸ್ ನಡುವೆಯೇ ಇದೆ. ಹರೆಯದಲ್ಲಿ ಆ ಕವಲನ್ನು ಒಂದೇ ನೆಗೆತಕ್ಕೆ ದಾಟಿ ಮೇಲೆ ಹೋಗಿ ನಿಲ್ಲುತ್ತಿದ್ದ ಗಾಯಕರು, ಈಗ ಸರಿಯಾಗಿ ಕವಲಿನ ಮೇಲೆಯೇ ಸ್ವರ ಹಿಡಿದು ನಿಲ್ಲಬೇಕಾಗುತ್ತದೆ. ಅಲ್ಲೇ ದನಿ ಒಡೆಯುತ್ತದೆ. ಕೇಳುವವರಿಗೆ ಒಗಟು: ಇಷ್ಟು ಇಳಿಸಿಯೂ ಯಾಕೆ ಆಗುತ್ತಿಲ್ಲ? ಇಳಿಸಿದ್ದರಿಂದಲೇ ಆಗುತ್ತಿಲ್ಲ. ಕೆಲವು ಹಾಡಿಗೆ ಇನ್ನೂ ಅರ್ಧ ಸ್ವರ ಇಳಿಸಿದರೆ ಸಲೀಸಾಗುತ್ತದೆ, ಕೆಲವಕ್ಕೆ ಅರ್ಧ ಸ್ವರ ಮೇಲಿಟ್ಟುಕೊಂಡು ಆ ಒಂದು ಸ್ವರವನ್ನು ಸಹಗಾಯಕರಿಗೆ ಬಿಟ್ಟುಕೊಟ್ಟರೆ ಸಲೀಸು. ಇತ್ತ ಚರಣದ ಕೆಳಗಿನ ಬಿ ಒಂದೂವರೆ ಸ್ವರ ಇಳಿದು 104 ಹರ್ಟ್ಸ್‌ಗೆ ಬಂದಿರುತ್ತದೆ. ಬೇಸ್ ಗಿಟಾರು, ಕಾಲಿನ ಡ್ರಮ್ಮು ತುಂಬಿಕೊಂಡಿರುವ ಜಾಗ ಅದು. ಗಾಯಕರು ಹಾಡುತ್ತಿದ್ದರೂ ಗೊಣಗಿದಂತೆ ಕೇಳಿಸುತ್ತದೆ. ಆಗ ಚರಣದ ಧಾಟಿಯನ್ನು ತುಸು ಮೇಲಕ್ಕೆ ಬರೆದುಕೊಳ್ಳಬೇಕು, ಬೇಸ್ ನುಡಿಸುವವರು ಆ ನಾಲ್ಕು ಸಾಲಿಗೆ ಕೈ ಹಗುರ ಮಾಡಬೇಕು. ಬಹುಪಾಲು ಮರುಪ್ರವೇಶಗಳು ಎಡವುವುದು ಇಲ್ಲಿಯೇ ಎಂಬುದು ನನ್ನ ಖಚಿತ ಅಭಿಪ್ರಾಯ. ಎಲ್ಲ ಹಾಡನ್ನೂ ಒಂದೇ ಅಳತೆಗೆ ಇಳಿಸಿಬಿಡುತ್ತಾರೆ, ಹಾಡು ಹಾಡಿಗೆ ಕೂತು ಅಳೆಯುವುದಿಲ್ಲ.

2007ರ ಡಿಸೆಂಬರ್ 10ರಂದು ಲಂಡನ್ನಿನಲ್ಲಿ ಲೆಡ್ ಜೆಪ್ಲಿನ್ ತಂಡ ಒಂದೇ ಒಂದು ರಾತ್ರಿಗೆ ಮತ್ತೆ ಕೂಡಿದಾಗ ಅದರ ಗಾಯಕ ರಾಬರ್ಟ್ ಪ್ಲಾಂಟ್ ಅವರಿಗೆ 59 ವರ್ಷ. ಕೆಲವು ಹಾಡುಗಳನ್ನು ಮೂಲಕ್ಕಿಂತ ಕೆಳಗಿನ ಶ್ರುತಿಯಲ್ಲಿ ನುಡಿಸಿದರು. ಆ ರಾತ್ರಿಯನ್ನು ಇಂದಿಗೂ ಕೊಂಡಾಡುವವರಲ್ಲಿ ಎಷ್ಟೋ ಮಂದಿಗೆ ಶ್ರುತಿ ಇಳಿದದ್ದು ಗೊತ್ತೇ ಇಲ್ಲ. ಗೊತ್ತಿದ್ದವರಿಗೂ ಅದು ಕೊರತೆಯಾಗಿ ಕಂಡಿಲ್ಲ, ಏಕೆಂದರೆ ಹಾಡು ಹೊಸ ಎತ್ತರದಲ್ಲಿ ಸರಿಯಾಗಿ ಕೂತಿತ್ತು.

ಇನ್ನು ಮುಚ್ಚಿಡುವ ದಾರಿಗಳು. ಇವು ಎಲ್ಲವೂ ಒಂದೇ ತೂಕದವಲ್ಲ. ಸಹಗಾಯಕರು ಪಲ್ಲವಿಗೆ ಜೊತೆಗೂಡುವುದು ಮುಚ್ಚಿಡುವುದಲ್ಲ, ಅವರು ಕಣ್ಣೆದುರಿಗೇ ಇದ್ದಾರೆ. ಮೈಕನ್ನು ಜನರತ್ತ ಹಿಡಿಯುವುದೂ ಅಲ್ಲ. ಶ್ರುತಿ ತಿದ್ದುವ ಯಂತ್ರವನ್ನು ಹಾಡುತ್ತಿರುವಾಗಲೇ ಹಚ್ಚುವುದು ನಡುವಿನ ದಾರಿ. ಅದು ಸ್ವರವನ್ನು ಸರಿಪಡಿಸುತ್ತದೆ, ಉಸಿರನ್ನಲ್ಲ. ಕಂಪನ ಅಗಲವಾದ ಮುದಿ ದನಿಗೆ ಅದು ಒಗ್ಗುವುದೂ ಇಲ್ಲ. ತೂಗುವ ಸ್ವರದಲ್ಲಿ ಯಾವುದು ಗುರಿ ಎಂದು ತಿಳಿಯದೆ ಯಂತ್ರ ಪಕ್ಕದ ಸ್ವರಕ್ಕೆ ಹಾರುತ್ತದೆ, ಲೋಹದ ದನಿಯಂತೆ ಕೇಳಿಸುತ್ತದೆ. ಮೈಕಿಗೆ ಡ್ರಮ್ಮಿನ ಸದ್ದು ನುಗ್ಗಿದರಂತೂ ಇನ್ನೂ ಕಷ್ಟ. ಕೊನೆಯದು, ಮೂಲ ರೆಕಾರ್ಡಿಂಗಿನಿಂದಲೋ ಸ್ಟುಡಿಯೋದಲ್ಲಿ ಹೊಸದಾಗಿ ಹಾಡಿಸಿಯೋ ತೆಗೆದಿಟ್ಟ ಮುಖ್ಯ ದನಿಯನ್ನೇ ಹರಿಸುವುದು. ಇದಕ್ಕೆ ಡ್ರಮ್ ಬಾರಿಸುವವರ ಕಿವಿಯಲ್ಲಿ ಟಿಕ್ ಟಿಕ್ ಎಂಬ ಗತಿಸೂಚಕ ಓಡುತ್ತಲೇ ಇರಬೇಕು. ಹಾಗಾಗಿ ಹಾಡು ಒಂದು ಚೂರೂ ಆಚೆ ಈಚೆ ಸರಿಯದು. ಗಾಯಕರಿಗೆ ಉಸಿರು ಸಿಕ್ಕಿಕೊಂಡರೂ ತಂಡ ಕಾಯುವಂತಿಲ್ಲ. ಹಿರಿಯ ಗಾಯಕರಿಗೆ ತಂಡದವರು ಕೊಡಬಹುದಾದ ದೊಡ್ಡ ನೆರವೆಂದರೆ ತಾಳದ ಎರಡು ಬಡಿತ ಕಾಯುವುದು. ಅದನ್ನೇ ಈ ಏರ್ಪಾಟು ಕಿತ್ತುಕೊಳ್ಳುತ್ತದೆ.

ಕಂಡುಹಿಡಿಯುವುದು ಹೇಗೆ? ಮೈಕನ್ನು ನೋಡಿ. ತುಟಿಯಿಂದ ಎರಡು ಮೂರು ಸೆಂಟಿಮೀಟರ್ ದೂರದಲ್ಲಿದ್ದಾಗ ವೇದಿಕೆಯ ಮೈಕುಗಳು ಕೆಳದನಿಯನ್ನು ಉಬ್ಬಿಸುತ್ತವೆ, ಪ ಬ ಅಕ್ಷರಗಳು ಪಟ್ ಎನ್ನುತ್ತವೆ. ಇಪ್ಪತ್ತು ಸೆಂಟಿಮೀಟರಿಗೆ ಸರಿದರೆ ಸದ್ದು ಕುಗ್ಗಬೇಕು, ದನಿ ತೆಳ್ಳಗಾಗಬೇಕು. ದೂರ ಎರಡರಷ್ಟಾದರೆ ಸುಮಾರು 6 ಡೆಸಿಬೆಲ್ ಇಳಿಯುವುದು ಲೆಕ್ಕ. ಮೈಕು ಎದೆಯ ಹತ್ತಿರ ಬಂದರೂ ದನಿ ಅಷ್ಟೇ ತುಂಬಿಕೊಂಡಿದೆ, ಓಡಿ ಬಂದು ನಿಂತರೂ ಸಾಲಿನ ನಡುವೆ ಏದುಸಿರು ಕೇಳಿಸುತ್ತಿಲ್ಲ, ಕೊನೆಯ ಅಕ್ಷರದ ಎಳೆತ ಹಳೆಯ ರೆಕಾರ್ಡಿನಲ್ಲಿದ್ದಷ್ಟೇ ಉದ್ದ ಇದೆ ಎಂದಾದರೆ ಅನುಮಾನಕ್ಕೆ ಕಾರಣ ಇದೆ. ಆದರೆ ತುಟಿಗೂ ದನಿಗೂ ಹೊಂದುತ್ತಿಲ್ಲ ಎಂಬುದೊಂದನ್ನೇ ಹಿಡಿದು ದೂರಬಾರದು. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಮೈದಾನದಲ್ಲಿ ಧ್ವನಿವರ್ಧಕದಿಂದ ನೂರು ಮೀಟರ್ ಹಿಂದೆ ಕೂತವರಿಗೆ ದನಿ ಸೆಕೆಂಡಿನ ಮೂರನೇ ಒಂದು ಭಾಗದಷ್ಟು ತಡವಾಗಿ ಮುಟ್ಟುತ್ತದೆ, ದೊಡ್ಡ ಪರದೆಯ ಚಿತ್ರ ತನ್ನದೇ ಬೇರೆ ತಡದಲ್ಲಿ ಬರುತ್ತದೆ. ಹಿಂದಿನ ಸಾಲಿನಿಂದ ಏಳುವ ತುಟಿಯಾಟದ ಆರೋಪಗಳಲ್ಲಿ ಒಂದಷ್ಟು ಹುಟ್ಟುವುದೇ ಹೀಗೆ. ಪ್ರಾಮಾಣಿಕವಾಗಿ ಹಾಡಿದವರ ಮೇಲೆ ಇಂಥ ಕಳಂಕ ಹೊರಿಸುವುದು ದೊಡ್ಡ ಅನ್ಯಾಯ.

ಮೊಬೈಲ್ ವಿಡಿಯೊಗಳ ಬಗ್ಗೆಯೂ ಒಂದು ಮಾತು. ಫೋನು ದೊಡ್ಡ ಸದ್ದನ್ನು ತಾನೇ ತಗ್ಗಿಸಿ, ಸಣ್ಣದನ್ನು ಎತ್ತಿ ಹಿಡಿಯುತ್ತದೆ, ಬೇಸ್ ಅನ್ನು ನುಂಗುತ್ತದೆ, ಪಕ್ಕದವರ ಕೂಗನ್ನು ಮುಂದಕ್ಕೆ ತರುತ್ತದೆ. ಅದರಲ್ಲಿ ಗಾಯಕರ ದನಿ ಇದ್ದದ್ದಕ್ಕಿಂತ ಬೋಳಾಗಿ ಕೇಳಿಸುತ್ತದೆ. ಅಧಿಕೃತವಾಗಿ ಬಿಡುಗಡೆಯಾಗುವ ವಿಡಿಯೊ ಇದರ ಉಲ್ಟಾ, ಅದರಲ್ಲಿ ತಪ್ಪಿದ ಸಾಲುಗಳನ್ನು ಸ್ಟುಡಿಯೋದಲ್ಲಿ ಕೂತು ಸರಿಪಡಿಸಿರುವ ಸಾಧ್ಯತೆ ಇರುತ್ತದೆ. ಒಂದು ಪಕ್ಷ ಇದನ್ನು ತೋರಿಸುತ್ತದೆ, ಇನ್ನೊಂದು ಪಕ್ಷ ಅದನ್ನು. ಇಪ್ಪತ್ತು ಸೆಕೆಂಡಿನ ತುಣುಕಿನಿಂದ ತೀರ್ಪು ಕೊಡುವುದನ್ನು ಬಿಟ್ಟು, ಒಂದೇ ರಾತ್ರಿಯ ಮೂರು ಹಾಡನ್ನು ಪೂರ್ತಿ ಕೇಳುವುದು ಲೇಸು: ಆರಂಭದ್ದೊಂದು, ನಡುವಿನದೊಂದು, ಕೊನೆಯದೊಂದು. ಆರಂಭದಲ್ಲಿ ಕೆಟ್ಟು ನಡುವೆ ಚೆನ್ನಾಗಿದ್ದರೆ ದನಿ ಕಾಯಿಸಿಕೊಳ್ಳುವುದು ಸಾಲದೆ ಹೋಗಿದೆ. ಆರಂಭದಲ್ಲಿ ಚೆನ್ನಾಗಿದ್ದು ಕೊನೆಗೆ ಗೊಗ್ಗರಾಗಿದ್ದರೆ ಹಾಡಿನ ಪಟ್ಟಿ ತಪ್ಪಿದೆ.

ಪಟ್ಟಿಯನ್ನು ಹೊಂದಿಸುವುದೂ ಒಂದು ಕಲೆ. ಜನರನ್ನು ಒಂದೇ ಏಟಿಗೆ ಎಬ್ಬಿಸಬೇಕೆಂದು ಅತಿ ಎತ್ತರದ ಹಾಡನ್ನು ಮೊದಲಿಗೇ ಇಡುತ್ತಾರೆ. ಇಪ್ಪತ್ತೈದರ ಗಂಟಲು ಅದನ್ನು ತಡೆದುಕೊಳ್ಳುತ್ತದೆ, ಎಪ್ಪತ್ತರದು ತಡೆಯದು. ಮೊದಲ ಎರಡು ಹಾಡು ನಡುಸ್ಥಾಯಿಯಲ್ಲಿರಲಿ, ಎತ್ತರದ ಹಾಡುಗಳು ಬೆನ್ನುಬೆನ್ನಿಗೆ ಬಾರದಿರಲಿ, ಅಂಥ ಒಂದೊಂದು ಹಾಡಿನ ನಂತರ ಗಿಟಾರಿಗೋ ಡ್ರಮ್ಮಿಗೋ ನಾಲ್ಕೈದು ನಿಮಿಷ ಬಿಟ್ಟುಕೊಡಲಿ. ಆ ಹೊತ್ತಿನಲ್ಲಿ ಗಾಯಕರು ಹಿಂದೆ ಹೋಗಿ ಕೊಳವೆಯ ತುದಿಯನ್ನು ನೀರಿನಲ್ಲಿ ಎರಡು ಸೆಂಟಿಮೀಟರ್ ಮುಳುಗಿಸಿ ಗುಳುಗುಳು ಎನ್ನಿಸುತ್ತ ಮೆಲ್ಲಗೆ ಸ್ವರ ಎಳೆದರೆ ತಂತುಗಳ ಮೇಲಿನ ಬಿಗಿ ಇಳಿಯುತ್ತದೆ. ಹಾಡಿನ ನಡುವೆ ನೀರು ಕುಡಿದರೆ ಬಾಯಿ ಒದ್ದೆಯಾಗುತ್ತದೆ ಅಷ್ಟೇ. ನುಂಗಿದ ನೀರು ಧ್ವನಿತಂತುವನ್ನು ಮುಟ್ಟುವುದೇ ಇಲ್ಲ, ಅದು ರಕ್ತದ ಮೂಲಕ ಅಲ್ಲಿಗೆ ತಲುಪಲು ಗಂಟೆಗಳು ಬೇಕು. ಬೆಳಿಗ್ಗೆಯಿಂದ ಕುಡಿದದ್ದೇ ರಾತ್ರಿಗೆ ಬರುವುದು. ತಕ್ಷಣಕ್ಕೆ ಆಗುವುದು ಹಬೆ ಮಾತ್ರ. ವೇದಿಕೆಯ ಹೊಗೆಯಂತ್ರವನ್ನು ಕಾರ್ಯಕ್ರಮದಿಂದ ತೆಗೆದುಹಾಕಿದರೆ ಅರ್ಧ ಉಪಕಾರ, ಆ ಮಂಜು ಗಂಟಲನ್ನು ಒಣಗಿಸುತ್ತದೆ. ಗಂಟಲು ಕಟ್ಟಿತೆಂದು ಊತ ಇಳಿಸುವ ಸ್ಟೀರಾಯ್ಡ್ ಚುಚ್ಚಿಸಿಕೊಂಡು ವೇದಿಕೆ ಹತ್ತುವುದು ಎಲ್ಲಕ್ಕಿಂತ ಅಪಾಯ. ನೋವು ಊತ ಮರೆಯಾಗುತ್ತದೆ, ಗಾಯ ಹಾಗೆಯೇ ಇರುತ್ತದೆ. ಅದರ ಮೇಲೆ ಜೋರಾಗಿ ಕೂಗಿದರೆ ತಂತುವಿನಲ್ಲಿ ರಕ್ತನಾಳ ಒಡೆಯಬಹುದು. ಆಸ್ಪಿರಿನ್‌ನಂಥ ಮಾತ್ರೆ ಸೇರಿದರೆ ರಕ್ತಸ್ರಾವ ಇನ್ನೂ ಸುಲಭ. ಎರಡು ರಾತ್ರಿಗಳ ನಡುವೆ ಕನಿಷ್ಠ ಒಂದು ದಿನವಾದರೂ ಬಿಡುವಿಲ್ಲದ ಪ್ರವಾಸಪಟ್ಟಿಯನ್ನು ಕಂಡರೆ ಅದು ಗಾಯಕರ ಹಿತಕ್ಕೆ ಮಾಡಿದ ಪಟ್ಟಿಯಲ್ಲ ಎಂದು ಅಭಿಮಾನಿಗಳು ತಿಳಿಯಬೇಕು.

ಏರೋಸ್ಮಿತ್ ತಂಡದ ಗಾಯಕ ಸ್ಟೀವನ್ ಟೈಲರ್ ಅವರ ಉದಾಹರಣೆಯನ್ನು ಎರಡೂ ಪಕ್ಷದವರು ತಮ್ಮ ತಮ್ಮ ಕಡೆಗೆ ಎಳೆಯುತ್ತಾರೆ. 2023ರ ಸೆಪ್ಟೆಂಬರ್‌ನಲ್ಲಿ ಕಾರ್ಯಕ್ರಮವೊಂದರಲ್ಲಿ ಅವರ ಗಂಟಲಿಗೆ ಪೆಟ್ಟಾಯಿತು, ಧ್ವನಿಪೆಟ್ಟಿಗೆಯೇ ಬಿರುಕು ಬಿಟ್ಟಿತ್ತು. 2024ರ ಆಗಸ್ಟ್‌ನಲ್ಲಿ ತಂಡ ಪ್ರವಾಸಕ್ಕೆ ವಿದಾಯ ಹೇಳಿತು. ಅದೇ ಟೈಲರ್ 2025ರ ಜುಲೈ 5ರಂದು ಬರ್ಮಿಂಗ್‌ಹ್ಯಾಮಿನಲ್ಲಿ 77ನೇ ವಯಸ್ಸಿನಲ್ಲಿ ಕೆಲವೇ ಹಾಡುಗಳನ್ನು ಹಾಡಿ ಜನರನ್ನು ಬೆರಗುಗೊಳಿಸಿದರು. ಹಾಗಾದರೆ ನಿವೃತ್ತಿ ಯಾಕೆ ಎಂದು ಒಂದು ಪಕ್ಷ ಕೇಳಿತು. ಇದರಲ್ಲಿ ವಿರೋಧವೇನೂ ಇಲ್ಲ. ಹದಿನೈದು ನಿಮಿಷ ಹಾಡುವ ದನಿ ಬೇರೆ, ದಿನ ಬಿಟ್ಟು ದಿನ ಎರಡು ಗಂಟೆ ಹಾಡುವ ದನಿ ಬೇರೆ. ಮೊದಲನೆಯದು ಸ್ವರದ ಪ್ರಶ್ನೆ, ಎರಡನೆಯದು ಚೇತರಿಕೆಯ ಪ್ರಶ್ನೆ. ಹರೆಯದಲ್ಲಿ ಒಂದು ರಾತ್ರಿಯ ನಿದ್ದೆಗೆ ಇಳಿಯುತ್ತಿದ್ದ ಊತ ಈ ವಯಸ್ಸಿನಲ್ಲಿ ಮೂರು ದಿನ ತೆಗೆದುಕೊಳ್ಳಬಹುದು.

ಆ ಜುಲೈ 5 ಬ್ಲ್ಯಾಕ್ ಸಬಾತ್ ತಂಡದ ಗಾಯಕ ಓಜಿ ಆಸ್‌ಬರ್ನ್ ಅವರ ವಿದಾಯದ ದಿನ. ಅವರಿಗೆ ಪಾರ್ಕಿನ್‌ಸನ್ ಕಾಯಿಲೆ ಇದ್ದದ್ದು 2020ರಿಂದಲೇ ಜನರಿಗೆ ಗೊತ್ತಿತ್ತು. ನಿಲ್ಲಲು ಆಗುವುದಿಲ್ಲ ಎಂಬುದೂ ಗೊತ್ತಿತ್ತು. ಸಿಂಹಾಸನದಂಥ ಕುರ್ಚಿಯಲ್ಲಿ ಕೂತು ಒಟ್ಟು ಒಂಬತ್ತು ಹಾಡು ಹಾಡಿದರು: ಐದು ತಮ್ಮವು, ನಾಲ್ಕು ಬ್ಲ್ಯಾಕ್ ಸಬಾತ್‌ನವು. ಹದಿನೇಳು ದಿನಗಳ ನಂತರ, ಜುಲೈ 22ರಂದು, ತೀರಿಕೊಂಡರು. ಅಂದು ದನಿ ಎಲ್ಲ ಕಡೆಯೂ ನಿಂತಿತೆಂದು ಯಾರೂ ಹೇಳುವುದಿಲ್ಲ. ಆದರೆ ಕೇಳಲು ಹೋದವರಿಗೆ ತಾವು ಏನು ನೋಡಲಿದ್ದೇವೆ ಎಂಬುದು ಮೊದಲೇ ತಿಳಿದಿತ್ತು, ಅಳೆದ ಕೋಲು ಸರಿಯಾಗಿತ್ತು. ಫಿಲ್ ಕಾಲಿನ್ಸ್ ಅವರೂ ಅಷ್ಟೇ. 2022ರ ಮಾರ್ಚ್ 26ರಂದು ಲಂಡನ್ನಿನಲ್ಲಿ ನಡೆದ ಅವರ ಜೆನೆಸಿಸ್ ತಂಡದ ಕೊನೆಯ ಕಾರ್ಯಕ್ರಮದಲ್ಲಿ ಕುರ್ಚಿಯಲ್ಲೇ ಕೂತು ಹಾಡಿದರು, ಡ್ರಮ್ಮಿನ ಹಿಂದೆ ಅವರ ಮಗ ನಿಕ್ ಇದ್ದರು, ಸಹಗಾಯಕರು ವೇದಿಕೆಯ ಮೇಲೆಯೇ ಕಾಣುವಂತೆ ನಿಂತಿದ್ದರು. ಕೂತು ಹಾಡುವವರಿಗೆ ಒಂದು ಸೂಚನೆ ಇಲ್ಲಿ ಸಲ್ಲುತ್ತದೆ: ಮೆತ್ತನೆಯ ಆಳದ ಆಸನಕ್ಕಿಂತ ಎತ್ತರದ ಗಟ್ಟಿ ಪೀಠ ಒಳ್ಳೆಯದು. ಸೊಂಟ ಮೊಣಕಾಲಿಗಿಂತ ಮೇಲಿದ್ದರೆ ಹೊಟ್ಟೆ ಮಡಚುವುದಿಲ್ಲ, ವಪೆ (ಎದೆಗೂಡಿನ ಕೆಳಗಿನ ಉಸಿರಾಟದ ಸ್ನಾಯು) ಕೆಳಗಿಳಿಯಲು ಜಾಗ ಸಿಗುತ್ತದೆ, ಇರುವಷ್ಟು ದಮ್ಮಾದರೂ ಪೂರ್ತಿ ಕೈಗೆ ಬರುತ್ತದೆ.

ಕಿವಿಯನ್ನು ಎಲ್ಲರೂ ಮರೆಯುತ್ತಾರೆ. 85 ಡೆಸಿಬೆಲ್ ಸದ್ದನ್ನು ಎಂಟು ಗಂಟೆ ತಡೆಯಬಹುದು ಎಂಬುದು ಸಾಮಾನ್ಯ ಲೆಕ್ಕ, ಪ್ರತಿ 3 ಡೆಸಿಬೆಲ್ ಏರಿದಾಗ ಹೊತ್ತು ಅರ್ಧವಾಗುತ್ತದೆ. 100 ಡೆಸಿಬೆಲ್‌ನಲ್ಲಿ ಹದಿನೈದೇ ನಿಮಿಷ. ರಾಕ್ ವೇದಿಕೆಯ ಮೇಲೆ ಐವತ್ತು ವರ್ಷ ನಿಂತವರ ಕಿವಿ ಏನಾಗಿರಬೇಕು! ಎಸಿ ಡಿಸಿ ತಂಡದ ಗಾಯಕ ಬ್ರಯಾನ್ ಜಾನ್ಸನ್ 2016ರಲ್ಲಿ ಪ್ರವಾಸದ ನಡುವೆಯೇ ಹಿಂದೆ ಸರಿಯಬೇಕಾಯಿತು, ಮುಂದುವರಿದರೆ ಪೂರ್ತಿ ಕಿವುಡಾಗುವ ಅಪಾಯವಿತ್ತು. ಉಳಿದ ಕಾರ್ಯಕ್ರಮಗಳಿಗೆ ಗನ್ಸ್ ಎನ್ ರೋಸಸ್ ತಂಡದ ಗಾಯಕ ಆಕ್ಸಲ್ ರೋಸ್ ಬಂದರು. ಜಾನ್ಸನ್ 2020ರ ಆಲ್ಬಮ್‌ಗೆ ಮರಳಿದರು, 2023ರ ಅಕ್ಟೋಬರ್‌ನಲ್ಲಿ ವೇದಿಕೆಗೂ ಮರಳಿದರು. ಕಿವಿ ಮಂದವಾದ ಗಾಯಕರು ತಮ್ಮ ದನಿ ತಮಗೆ ಕೇಳಿಸದೆ ಇನ್ನಷ್ಟು ಕೂಗುತ್ತಾರೆ, ಗಂಟಲು ಅಲ್ಲೇ ಹೋಗುತ್ತದೆ. ಎರಡೂ ಕಿವಿಗೆ ಅಚ್ಚು ತೆಗೆಸಿ ಮಾಡಿದ ಇಯರ್‌ಫೋನ್ ಹಾಕಿಕೊಂಡರೆ ಮೆಲ್ಲಗೇ ಹಾಡಬಹುದು. ಆದರೆ ಜನರ ಕೂಗು ಕೇಳಲೆಂದು ಒಂದನ್ನು ಕಿತ್ತು ಹೆಗಲ ಮೇಲೆ ಬಿಟ್ಟುಕೊಳ್ಳುವ ಅಭ್ಯಾಸವಿದೆ. ಆಗ ಉಳಿದ ಕಿವಿಗೆ ಸದ್ದು ಏರಿಸಬೇಕಾಗುತ್ತದೆ, ತೆರೆದ ಕಿವಿಗೆ ಡ್ರಮ್ಮು ಬಡಿಯುತ್ತದೆ, ಎರಡಕ್ಕೂ ಕೇಡು. ಜನರ ಸದ್ದು ಬೇಕಿದ್ದರೆ ವೇದಿಕೆಯ ಅಂಚಿಗೆ ಎರಡು ಮೈಕು ಇಟ್ಟು ಅದನ್ನೇ ಇಯರ್‌ಫೋನಿಗೆ ಬೆರೆಸಿದರಾಯಿತು.

ಮೂಲ ಗಾಯಕರ ಜಾಗಕ್ಕೆ ಬೇರೆಯವರನ್ನು ತರಬಹುದಲ್ಲ ಎನ್ನುವವರೂ ಇದ್ದಾರೆ. ಜರ್ನಿ ತಂಡ 2007ರಲ್ಲಿ ಫಿಲಿಪೀನ್ಸ್‌ನ ಆರ್ನೆಲ್ ಪಿನೇಡಾ ಅವರನ್ನು ಯೂಟ್ಯೂಬಿನಲ್ಲಿ ಕಂಡು ಕರೆತಂದಿತು, ಹಳೆಯ ಹಾಡುಗಳಿಗೆ ದೊಡ್ಡ ಮೈದಾನಗಳಲ್ಲಿ ಮತ್ತೆ ದನಿ ಸಿಕ್ಕಿತು. ಹಾಡು ಉಳಿಯಬೇಕು ಎನ್ನುವವರಿಗೆ ಅದು ಸರಿ. ಆ ಮನುಷ್ಯನೇ ಬೇಕು ಎನ್ನುವವರಿಗೆ ಅದು ಉತ್ತರವಲ್ಲ, ಅವರ ದುಃಖವನ್ನು ಹಟ ಎಂದು ತಳ್ಳಿಹಾಕಲೂಬಾರದು.

ಹಾಗಾಗಿ ಸಂಘಟಕರಲ್ಲಿ ಕೇಳುವುದು ಇಷ್ಟು. ಟಿಕೆಟ್ ಮಾರುವ ಪುಟದಲ್ಲೇ, ದರದ ಕೆಳಗೆ, ನಾಲ್ಕು ಸಾಲು ಬರೆಯಿರಿ. ಗಾಯಕರು ಎಷ್ಟು ನಿಮಿಷ ವೇದಿಕೆಯ ಮೇಲಿರುತ್ತಾರೆ, ನಿಂತೋ ಕೂತೋ. ಹಾಡುಗಳು ಮೂಲ ಶ್ರುತಿಯಲ್ಲಿರುತ್ತವೆಯೇ, ಇಳಿಸಿದ್ದೇ. ಮುಖ್ಯ ದನಿಗೆ ರೆಕಾರ್ಡಿಂಗಿನ ನೆರವು ಇದೆಯೇ, ಇಲ್ಲವೇ. ಗಾಯಕರಿಗೆ ಆಗದೆ ಹೋಗಿ ಬೇರೆಯವರು ಹಾಡಿದರೆ ಹಣ ಮರಳುತ್ತದೆಯೇ. ಇದರಿಂದ ಮಾರಾಟ ಬಿದ್ದುಹೋಗುತ್ತದೆ ಎಂಬ ಭಯ ಬೇಡ, ಓಜಿ ಒಂಬತ್ತೇ ಹಾಡು ಹಾಡಿದ ದಿನವೂ ಬರ್ಮಿಂಗ್‌ಹ್ಯಾಮಿನಲ್ಲಿ ಒಂದು ಫುಟ್‌ಬಾಲ್ ಮೈದಾನವೇ ತುಂಬಿತ್ತು.

ಇನ್ನು ಅಭಿಮಾನಿಗಳಲ್ಲಿ ಒಂದು ಕೋರಿಕೆ. ಹೋಗುವ ಮೊದಲು ಹಳೆಯ ಆಲ್ಬಮ್‌ಗಳನ್ನು ಹಾಕಿಕೊಂಡು ಕಿವಿ ತುಂಬಿಕೊಳ್ಳಬೇಡಿ. ಸ್ಟುಡಿಯೋದಲ್ಲಿ ಒಂದು ದನಿಯ ಮೇಲೆ ಇನ್ನೊಂದನ್ನು ಪೇರಿಸಿ, ಹತ್ತಾರು ಸಲ ಹಾಡಿಸಿದ್ದರಲ್ಲಿ ಒಳ್ಳೆಯ ಸಾಲುಗಳನ್ನು ಆರಿಸಿ ಜೋಡಿಸಿದ್ದು ಅದು. ಹರೆಯದಲ್ಲೂ ಅವರು ವೇದಿಕೆಯ ಮೇಲೆ ಹಾಗೆ ಹಾಡಿರಲಿಲ್ಲ. ಅದರ ಬದಲು ಅವರ ಇತ್ತೀಚಿನ ವರ್ಷಗಳ ಒಂದು ಪೂರ್ತಿ ಕಾರ್ಯಕ್ರಮವನ್ನು ಕೇಳಿ ಹೋಗಿ. ಮೊದಲ ಹಾಡಿನಲ್ಲಿ ದನಿ ಗೊಗ್ಗರಿದ್ದರೆ ಎದ್ದು ಬರಬೇಡಿ, ಮೂರನೆಯ ನಾಲ್ಕನೆಯ ಹಾಡಿನ ಹೊತ್ತಿಗೆ ತಂತುಗಳು ಕಾದು ಕೂಡಿಕೊಳ್ಳುತ್ತವೆ. ಪಲ್ಲವಿಯ ತುದಿಯಲ್ಲಿ ಅವರು ಮೈಕನ್ನು ನಿಮ್ಮತ್ತ ತಿರುಗಿಸಿದಾಗ ಇಳಿದ ಶ್ರುತಿಯಲ್ಲೇ ಹಾಡಿ. ನೆನಪಿನಲ್ಲಿರುವ ಹಳೆಯ ಎತ್ತರಕ್ಕೆ ಎಳೆಯಬೇಡಿ. ಸಾವಿರಾರು ಜನ ಅರ್ಧ ಸ್ವರ ಮೇಲೆ ಹಾಡತೊಡಗಿದರೆ ಮುಂದಿನ ಸಾಲಿಗೆ ಅವರು ಯಾವ ಸ್ವರವನ್ನು ಹಿಡಿಯಬೇಕು?

ಇತಿ,
ತಮ್ಮ ಓದುಗ